ಬಿಗಿ ಇಳಿಸುವ ಕೆಲಸ

ರಜೆ ಅಂದರೆ ನನಗೆ ಆಗುವುದಿಲ್ಲ. ಕೆಲಸವಿಲ್ಲದೆ ಅರ್ಧ ಗಂಟೆ ಕೂತರೆ ಕೈ ತುರಿಸಲು ಶುರುವಾಗುತ್ತದೆ. ಶಿಕಾರಿಪುರದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಇಪ್ಪತ್ತೈದು ವರ್ಷದಿಂದ ಬೆಳಗ್ಗೆ ಷಟರ್ ಎತ್ತುವವಳು ನಾನು, ಸಂಜೆ ಇಳಿಸುವವರು ನಮ್ಮ ಯಜಮಾನರು. ಮಧ್ಯದಲ್ಲಿ ಎಪಿಎಂಸಿಗೆ ಬಂದ ರೈತರ ಜೊತೆ ಹರಟೆ, ಜಗಳ, ಮೆಕ್ಕೆಜೋಳದ ಹುಳುವಿಗೆ ಯಾವ ಔಷಧಿ ಎಂಬ ಪಂಚಾಯಿತಿ. ಅಂಥ ನನ್ನನ್ನು ಹೋದ ದಸರಾ ರಜೆಯಲ್ಲಿ ನಾಲ್ಕು ದಿನ ಅಂಗಡಿ ಮುಚ್ಚಿಸಿ ಕಾರಿಗೆ ಹತ್ತಿಸಿದರು. ಹತ್ತಿಸಿದರು ಅನ್ನುವುದು ಸುಳ್ಳು. ನಾನೇ ಹತ್ತಿದ್ದೆ, ಯಾಕೆಂದರೆ ಆ ಪ್ರವಾಸದೊಳಗೆ ನನ್ನದೇ ಒಂದು ಹುನ್ನಾರವಿತ್ತು.

ಹುನ್ನಾರ ಅಪ್ಪನ ಡೊಳ್ಳಿನದು. ನನ್ನ ತವರು ಸೊರಬ ತಾಲೂಕಿನ ಹೊಸಬಾಳೆ. ಅಲ್ಲಿ ಅಣ್ಣ, ಅತ್ತಿಗೆ, ಶುಂಠಿ ಹೊಲ, ಭತ್ತದ ಗದ್ದೆ, ಎರಡು ಎಮ್ಮೆ. ದೇವರ ಕೋಣೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಕಂಬಳಿ ಹೊದ್ದುಕೊಂಡು ಕೂತಿರುವುದೇ ಆ ಡೊಳ್ಳು. ಹೊನ್ನೆ ಮರದ್ದು, ಅಜ್ಜನ ಕಾಲದ್ದು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಲ್ಲಿಂದೀಚೆಗೆ ಅದನ್ನು ಯಾರೂ ಬಾರಿಸಿಲ್ಲ. ಅಣ್ಣ ಊರಿನ ತಂಡದಲ್ಲಿ ಈಗಲೂ ಕುಣಿಯುತ್ತಾನೆ, ಆದರೆ ಬೇರೆಯವರ ಮನೆಯ ಡೊಳ್ಳು ಕೇಳಿ ತಂದು ಹೆಗಲಿಗೆ ಹಾಕುತ್ತಾನೆ. ಅಪ್ಪನದು ಅವನಿಗೆ ಬೇಡವಾಗಿದೆ ಎಂದೇ ನಾನು ತಿಳಿದಿದ್ದೆ. ಕೇಳಬಹುದಿತ್ತು. ನಾನೂ ಆ ಕೋಣೆಯ ಬಾಗಿಲು ದಾಟುತ್ತಿರಲಿಲ್ಲವಾದ್ದರಿಂದ ಯಾವ ಬಾಯಲ್ಲಿ ಕೇಳುವುದು?

ಹೋದ ಬೇಸಿಗೆಯಲ್ಲಿ ಕುಬಟೂರಿನ ಹಳೇ ಗುಡಿ ನೋಡಲು ಬಂದಿದ್ದ ಒಬ್ಬ ಹೆಣ್ಣುಮಗಳು, ಕಾರಿನ ಚಕ್ರ ಪಂಕ್ಚರ್ ಆಗಿ ನಮ್ಮ ಅಂಗಡಿಯ ಮುಂದೆ ನಿಂತಳು. ಕೂರಿಸಿ ಮಜ್ಜಿಗೆ ಕೊಟ್ಟೆ. ಮಾತಿಗೆ ಮಾತು ಬೆಳೆದು, ತಾನು ಒಂದು ಸಂಗೀತ ಮ್ಯೂಸಿಯಂನಲ್ಲಿ ಕೆಲಸ ಮಾಡುವವಳು, ಹಳ್ಳಿಗಳ ಹಳೇ ವಾದ್ಯಗಳನ್ನು ಹುಡುಕುತ್ತಿದ್ದೇನೆ ಅಂದಳು. ಬಾರಿಸಿದವರ ಕಥೆಯೂ ಸಿಕ್ಕರೆ ಇನ್ನೂ ಒಳ್ಳೆಯದಂತೆ.

"ಅಯ್ಯೋ, ನಮ್ಮನ್ಯಾಗೇ ಐತಲ್ರೀ!" ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಹೀಗೆಯೇ, ಯೋಚನೆಗಿಂತ ಎರಡು ಹೆಜ್ಜೆ ಮುಂದೆ.

ಅವಳು ಒಂದು ಫಾರಂ ಕೊಟ್ಟಳು. ಮನೆಯವರ ಒಪ್ಪಿಗೆಯ ರುಜು ಬೇಕು, ಅವಸರವಿಲ್ಲ, ಅಣ್ಣನನ್ನು ಕರೆದುಕೊಂಡು ಬಂದು ಒಮ್ಮೆ ಜಾಗ ನೋಡಿ ಅಂದಳು. ಆ ಸಂಜೆಯೇ ಅಣ್ಣನಿಗೆ ಫೋನ್ ಹಚ್ಚಿದೆ. ಇಲಿ ಕಡಿಯುತ್ತದೆ, ಗೆದ್ದಲು ಹಿಡಿಯುತ್ತದೆ, ಅಲ್ಲಿ ಕೊಟ್ಟರೆ ಊರಿನ ಹೆಸರು ಬರುತ್ತದೆ, ನೀನಂತೂ ಬಾರಿಸುವುದಿಲ್ಲ ಎಂದೆಲ್ಲ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಮೊದ್ಲು ನೋಡನ ಮಾರಾಯ್ತಿ. ಅದು ಹೋಗಿ ಕೂರೋ ಜಾಗ ನೋಡ್ದೆ ಹೆಂಗೆ ಹ್ಞೂಂ ಅನ್ನದು?" ಅಂದ. ನನ್ನ ಪಾಲಿಗೆ ಅದು ಒಪ್ಪಿಗೆಯೇ ಆಯಿತು.

ನನಗೆ ಆ ಡೊಳ್ಳು ಮನೆಯಿಂದ ಹೋದರೆ ಸಾಕಾಗಿತ್ತು. ಯಾಕೆ ಎಂದು ಹೇಳಬೇಕಾದರೆ ನನ್ನ ಬಾಲ್ಯಕ್ಕೆ ಹೋಗಬೇಕು.

ಡೊಳ್ಳಿನ ಮೈಮೇಲೆ ಈ ತೊಗಲಿನಿಂದ ಆ ತೊಗಲಿಗೆ ಹಗ್ಗ ಓಡಾಡಿರುತ್ತದೆ. ಎರಡೆರಡು ಹಗ್ಗವನ್ನು ಸೇರಿಸಿ ಒಂದೊಂದು ಉಂಗುರ. ಉಂಗುರ ಇತ್ತ ಜರುಗಿಸಿದರೆ ಹಗ್ಗ ಎಳೆದುಕೊಂಡು ತೊಗಲು ಬಿಗಿಯಾಗುತ್ತದೆ, ಅತ್ತ ಜರುಗಿಸಿದರೆ ಸಡಿಲ. ನಮ್ಮ ಮನೆಯ ಡೊಳ್ಳಿಗೆ ಅಂಥ ಹನ್ನೆರಡು ಉಂಗುರ. ಬಾರಿಸುವ ಮೊದಲು ಬಿಗಿಯಬೇಕು, ಬಾರಿಸಿ ಬಂದ ಮೇಲೆ ಇಳಿಸಬೇಕು. ಬಿಗಿ ಇಳಿಸದೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವಂತಿಲ್ಲ. ಇದು ಅಪ್ಪನ ಕಟ್ಟಳೆ, ಅವರಿಗೆ ಅವರಪ್ಪನ ಕಟ್ಟಳೆ. "ದುಡ್ದು ಬಂದ ಎತ್ತಿನ ಕೊರಳಾಗೆ ನೊಗ ಬಿಟ್ಟು ನೀ ಉಣ್ತೀಯೇನು?" ಎಂದು ಕೇಳುತ್ತಿದ್ದರು. ಬಿಗಿಯಾಗಿ ಬಿಟ್ಟ ತೊಗಲು ಒಂದಲ್ಲ ಒಂದು ದಿನ ತಾನಾಗಿ ಹರಿಯುತ್ತದೆ ಎಂಬುದೂ ನಿಜ.

ಬಿಗಿಯುವ ಕೆಲಸ ಅಪ್ಪನದು, ಆಮೇಲೆ ಅಣ್ಣನದು. ಇಳಿಸುವ ಕೆಲಸ ನನ್ನದು. ನನ್ನ ಸಣ್ಣ ಬೆರಳು ಹಗ್ಗದ ಅಡಿಗೆ ಸಲೀಸಾಗಿ ಹೋಗುತ್ತಿದ್ದವು. ಅಪ್ಪ ಬೀರಪ್ಪನ ಗುಡಿಯಿಂದಲೋ ಮದುವೆ ದಿಬ್ಬಣದಿಂದಲೋ ಬೆವರು ಸುರಿಸಿಕೊಂಡು ಬಂದು, ಡೊಳ್ಳನ್ನು ಕಂಬಳಿಯ ಮೇಲಿಟ್ಟು, "ಎಲ್ಲಿ, ಬಿಗಿ ಇಳಿಸೋಳು ಎಲ್ಲಿ?" ಎಂದು ಕೂಗುತ್ತಿದ್ದರು. ನಾನು ಎಲ್ಲಿದ್ದರೂ ಓಡಿ ಬರಬೇಕು. ಹನ್ನೆರಡು ಉಂಗುರ ಜರುಗಿಸುವಾಗ ತೊಗಲು ಮೆಲ್ಲಗೆ ಉಸಿರು ಬಿಡುತ್ತಿತ್ತು. ಕೊನೆಯ ಉಂಗುರವಾದ ಮೇಲೆ ಅಪ್ಪ ಕೈ ತೊಳೆಯಲು ಏಳುತ್ತಿದ್ದರು.

ಅಷ್ಟೇ ನನ್ನ ಪಾಲು. ಹೆಗಲಿಗೆ ಹಾಕುವಂತಿಲ್ಲ, ಕೋಲು ಮುಟ್ಟುವಂತಿಲ್ಲ. ಒಮ್ಮೆ ಬಿಗಿ ಇಳಿಸುವ ಮೊದಲು ಅಂಗೈಯಿಂದ ಒಂದೇ ಒಂದು ಪೆಟ್ಟು ಹೊಡೆದಿದ್ದೆ. ಆ ಸದ್ದು ಎದೆಯೊಳಗೆ ಇಳಿದು ಹೊಟ್ಟೆಯವರೆಗೆ ಹೋಯಿತು. ಅಪ್ಪ ಬೈಯಲಿಲ್ಲ. "ಹಂಗೆ ಮಾಡಬಾರ್ದು" ಅಂದರು, ಅಷ್ಟೇ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಕಾಲ ಬದಲಾಯಿತು. ಪಕ್ಕದ ಊರುಗಳಲ್ಲಿ ಹೆಣ್ಣುಮಕ್ಕಳ ಡೊಳ್ಳಿನ ತಂಡಗಳೇ ಕಟ್ಟಿಕೊಂಡವು. ಶಿಕಾರಿಪುರದ ರಸ್ತೆಯಲ್ಲಿ ಅವರು ಕುಣಿಯುತ್ತಾ ಹೋಗುವಾಗ ನಾನು ಗಿರಾಕಿಯನ್ನು ಬಿಟ್ಟು ಹೊರಗೆ ಬಂದು ನಿಂತಿದ್ದೆ. ಆಗ ನನಗೆ ಮೂವತ್ತೆಂಟು. ಮುಂದಿನ ಸಲ ತವರಿಗೆ ಹೋದಾಗ ಅಪ್ಪನನ್ನು ಕೇಳಿಯೇಬಿಟ್ಟೆ, ನನಗೂ ಕಲಿಸಿ ಎಂದು. ಅಪ್ಪ ತಲೆ ಎತ್ತಲಿಲ್ಲ. "ಬ್ಯಾರೆಯೋರು ಮಾಡ್ಲಿ, ಬ್ಯಾಡ ಅನ್ನಲ್ಲ. ನಮ್ಮನೇಲಿ ಆ ಪದ್ಧತಿ ಇಲ್ಲ ಮಗಾ" ಅಂದರು. ನಾನು ಊಟವನ್ನೂ ಮಾಡದೆ ಬಸ್ಸು ಹತ್ತಿದೆ. ಮುಂದಿನ ತಿಂಗಳು ಬೀರಪ್ಪನ ಪೂಜೆ. ಅಣ್ಣ ಎರಡು ಸಲ ಫೋನ್ ಮಾಡಿ ಕರೆದ. ಬಿತ್ತನೆ ಟೈಮು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ ಅಂದೆ. ಜಾಗವಿರಲಿಲ್ಲ ಎನ್ನುವುದು ನಿಜ, ಆದರೆ ಹೋಗದೇ ಇದ್ದದ್ದು ಸಿಟ್ಟಿಗೆ. ಆ ದಿನ ಮಧ್ಯಾಹ್ನ ಅಪ್ಪ ಡೊಳ್ಳು ಬಾರಿಸಿ ಮನೆಗೆ ಬಂದು ಗೋಡೆಗೆ ಒರಗಿ ಕೂತವರು ಏಳಲಿಲ್ಲ. ನಾನು ಹೋಗಿ ಮುಟ್ಟಿದಾಗ ಮೈ ತಣ್ಣಗಾಗಿತ್ತು.

ಹೀಗಾಗಿ ಆ ಕೋಣೆಗೂ ನನಗೂ ಆಗುತ್ತಿರಲಿಲ್ಲ. ತವರಿಗೆ ಹೋದಾಗಲೆಲ್ಲ ಕಂಬಳಿಯ ಮೂಲೆ ಕಂಡರೆ ಸಾಕು, ಹೊರಟು ನಿಲ್ಲುತ್ತಿದ್ದೆ. ಮ್ಯೂಸಿಯಂಗೆ ಹೋಗಲಿ, ಗಾಜಿನೊಳಗೆ ಕೂರಲಿ, ನಾನು ತವರಿನಲ್ಲಿ ನೆಮ್ಮದಿಯಾಗಿ ಒಂದು ಊಟ ಮಾಡಲಿ ಎಂಬುದು ನನ್ನ ಲೆಕ್ಕ.

ಮ್ಯೂಸಿಯಂ ಇದ್ದ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ನಾನು ಮಾಡಿಕೊಂಡ ಅವಾಂತರ ತಿಳಿದರೆ ಕಾರಣ ನಿಮಗೇ ಗೊತ್ತಾಗುತ್ತದೆ. ಕಾರಿನಲ್ಲಿ ಒಂದು ಹಗಲಿನ ದಾರಿ. ಯಜಮಾನರು ಗಾಡಿ ಓಡಿಸುವುದು, ಅಣ್ಣ ಮುಂದೆ, ನಾನು ಹಿಂದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಎಂದು ನಾನು ಇಳಿಯುವುದು, ನಿಲ್ಲಿಸಿದ ಮೇಲೆ ಬೇಗ ಹೊರಡಿ ಎಂದು ಗದರುವುದು. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ಉಸಿರು ಕಟ್ಟುತ್ತದೆ. ಬ್ಯಾಗಿನಲ್ಲಿ ಆ ಫಾರಂ ಇದೆಯೋ ಇಲ್ಲವೋ ಎಂದು ಎಷ್ಟು ಸಲ ಜಿಪ್ ಎಳೆದೆನೋ.

"ಸುಮ್ನ ಕುಂದ್ರ ಸ್ವಲ್ಪ. ಇರಿವಿ ಬಿಟ್ಕೊಂಡೋರಂಗ ಆಡಾಕ್ಹತ್ತೀಯಲ್ಲ" ಎಂದರು ಯಜಮಾನರು.

"ನೀವು ರಸ್ತೆ ನೋಡ್ರಿ" ಅಂದೆ.

ಅಣ್ಣ ದಾರಿಯ ಹೊಲಗಳನ್ನು ನೋಡುತ್ತಾ ಕೂತಿದ್ದ.

ಮರುದಿನ ಬೆಳಗ್ಗೆ ಹತ್ತಕ್ಕೆ ಆ ಕಟ್ಟಡದ ಮುಂದೆ ನಿಂತೆವು. ಕಟ್ಟಡ ಅನ್ನಬೇಕೋ ಬೇಡವೋ. ಗೋಡೆ ಎಲ್ಲಿ ಮುಗಿಯಿತು, ಮಾಡು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ನೆಲದಿಂದಲೇ ಎದ್ದ ಬಿಳಿ ಕಾಂಕ್ರೀಟು ಡೊಂಕುಡೊಂಕಾಗಿ ಮೇಲೆ ಹೋಗಿ, ಒಂದರ ಮೇಲೊಂದು ಮಡಚಿಕೊಂಡು, ನಡುವಿನ ಸೀಳುಗಳಲ್ಲಿ ಆಕಾಶ ಕಾಣಿಸುತ್ತದೆ. ಅಕ್ಕಿ ಕೇರುವ ಮೊರಗಳನ್ನು ಅಡಿಮೇಲಾಗಿ ಪೇರಿಸಿಟ್ಟಂತೆ ನನಗೆ ಕಂಡಿತು. ಜನ ಹಿಂದಕ್ಕೆ ಸರಿದು ಸರಿದು ಫೋಟೋ ತೆಗೆಯುತ್ತಿದ್ದರು. ಯಜಮಾನರು, "ಏನ್ ಕಟ್ಯಾರಲೇ!" ಎಂದು ಬಾಯಿ ತೆರೆದುಕೊಂಡು ನಿಂತರು.

ಅಣ್ಣ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಬಾಗಿಲ ಬಳಿಯ ಹೆಂಗಸು, ಚಪ್ಪಲಿ ಹಾಕಿಕೊಂಡೇ ಹೋಗಬಹುದು ಅಂದಳು. "ಒಳಗೆ ಡೊಳ್ಳು ಐತಲ್ವಾ ತಾಯಿ?" ಎಂದು ಕೇಳಿದ. ಇದೆ ಅಂದಳು. ಹಾಗಾದರೆ ಇಲ್ಲಿಯೇ ಇರಲಿ ಎಂದು ಮೂಲೆ ಹುಡುಕಿದ. ಆ ಕಟ್ಟಡದಲ್ಲಿ ಮೂಲೆಯೇ ಇಲ್ಲ. ಕೊನೆಗೆ ಒಂದು ಹೂಕುಂಡದ ಹಿಂದೆ ಬಿಟ್ಟು ಬಂದು, "ಮೂಲೆ ಇಲ್ದಿದ್ರೆ ಇವ್ರು ಕಸ ಎಲ್ಲಿ ಗುಡಿಸಿ ಹಾಕ್ತಾರೆ?" ಅಂದ. ನನಗೆ ನಗು ಬಂತು, ಸಿಟ್ಟೂ ಬಂತು. ನಾನೂ ಚಪ್ಪಲಿ ಬಿಟ್ಟೆ.

ಒಳಗೆ ಮೆಟ್ಟಿಲಿಲ್ಲ. ನೆಲವೇ ಸುತ್ತು ಹಾಕುತ್ತಾ ಮೇಲಕ್ಕೆ ಏರುತ್ತದೆ. ಬರಿಗಾಲಿಗೆ ಆ ಕಲ್ಲಿನ ತಂಪು ಮೊದಲು ಹಿತವಾಗಿತ್ತು, ಆಮೇಲೆ ಕೊರೆಯಲು ಹಿಡಿಯಿತು. ಒಂದು ಕಡೆ ಪಿಸುಮಾತು ಆಡಿದರೆ ಎದುರು ಗೋಡೆಯ ಹತ್ತಿರ ನಿಂತವರಿಗೆ ಕೇಳುತ್ತದೆ. ಇನ್ನೊಂದು ಕಡೆ ಚಪ್ಪಾಳೆ ತಟ್ಟಿದರೆ ಸದ್ದೇ ಹುಟ್ಟುವುದಿಲ್ಲ, ಗೋಡೆಯೇ ನುಂಗಿಬಿಡುತ್ತದೆ. ಮಾಡಿನ ಸೀಳಿನಿಂದ ಬಿಸಿಲಿನ ಪಟ್ಟಿಗಳು ವೀಣೆ, ಸಾರಂಗಿ, ತಂಬೂರಿಗಳ ಮೇಲೆ ಬಿದ್ದಿದ್ದವು. ಚೆಂದವಿತ್ತು. ಸುಳ್ಳು ಹೇಳಬಾರದು, ಬಹಳ ಚೆಂದವಿತ್ತು. ಆದರೆ ಒಂದು ಕಡೆ ನಿಂತು ನೋಡಲು ನನ್ನಿಂದ ಆಗಲಿಲ್ಲ. ಒರಗಲು ಒಂದು ನೆಟ್ಟಗಿನ ಗೋಡೆಯಿಲ್ಲ, ಇಷ್ಟಾಯಿತು ಇನ್ನಿಷ್ಟು ಉಳಿಯಿತು ಎಂದು ಗುರುತಿಡಲು ಬಾಗಿಲಿಲ್ಲ. ಡೊಳ್ಳು ಎಲ್ಲಿದೆ, ಬೇಗ ತೋರಿಸಿ, ರುಜು ಹಾಕಿಸಿ ಮುಗಿಸೋಣ ಎಂದು ನಾನು ಮುಂದೆ ಮುಂದೆ ಓಡುತ್ತಿದ್ದೆ. ಯಜಮಾನರು ಪ್ರತಿ ವಾದ್ಯದ ಮುಂದೆಯೂ ನಿಂತು, ಸದ್ದು ಕೇಳಲು ಅಲ್ಲಿಟ್ಟಿದ್ದ ಹೆಡ್‌ಫೋನ್ ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು.

ಮೂರನೇ ಸುತ್ತಿನಲ್ಲಿ ಡೊಳ್ಳು ಸಿಕ್ಕಿತು. ಯಾವುದೋ ಬೇರೆ ಊರಿನದು. ಗಾಜಿಲ್ಲ, ಮೊಣಕಾಲೆತ್ತರದ ಕಟ್ಟೆಯ ಮೇಲೆ ನಿಲ್ಲಿಸಿದ್ದರು, ಸುತ್ತಲೂ ಒಂದು ಹಗ್ಗ ಅಡ್ಡ ಕಟ್ಟಿದ್ದರು. ಮೇಲಿನಿಂದ ಬೆಳಕು. ಹಗ್ಗಕ್ಕೆ ಎಣ್ಣೆ ಸವರಿದಂತೆ ಹೊಳಪು. ತೊಗಲು ಹಪ್ಪಳದಂತೆ ಬಿಗಿದು ನಿಂತಿತ್ತು.

ಅಣ್ಣ ಕೈಮುಗಿದ. ಒಂದು ಸುತ್ತು ಹಾಕಿದ. ಆಮೇಲೆ ಮೆಲ್ಲಗೆ, "ಬಿಗಿ ಇಳಿಸಿಲ್ಲ ನೋಡು" ಅಂದ.

ಅಷ್ಟೇ ಅವನು ಹೇಳಿದ್ದು. ಮುಂದೆ ಆದದ್ದನ್ನು ನಾನು ಹೇಗೆ ವಿವರಿಸಲಿ? ಅಡ್ಡ ಹಗ್ಗ ದಾಟಿದ್ದು ನನಗೆ ನೆನಪಿಲ್ಲ. ಕಟ್ಟೆಯ ಪಕ್ಕ ಮಂಡಿಯೂರಿ ಕೂತಿದ್ದೆ, ಎಡಗೈ ಡೊಳ್ಳಿನ ಬೆನ್ನ ಮೇಲಿತ್ತು, ಬಲಗೈ ಬೆರಳು ಹಗ್ಗದ ಅಡಿಗೆ ಹೋಗಿತ್ತು. ಮೊದಲನೇ ಉಂಗುರ ಗಟ್ಟಿ ಕೂತಿತ್ತು, ಉಗುರು ಕಿತ್ತು ಬಂದಂತಾಯಿತು. ಎರಡನೆಯದು ಜರುಗಿತು. ಮೂರನೆಯದು ಇನ್ನೂ ಸಲೀಸು. ಎಲ್ಲಿಂದಲೋ ಕುಯ್ಯೋ ಎಂದು ಸೈರನ್ನು ಬಡಿದುಕೊಳ್ಳುತ್ತಿತ್ತು, ಅದು ನನ್ನ ಸಲುವಾಗಿಯೇ ಎಂದು ನನಗೆ ಹೊಳೆಯಲೇ ಇಲ್ಲ. ಏಳನೇ ಉಂಗುರಕ್ಕೆ ಬಂದಾಗ ಸೆಕ್ಯುರಿಟಿಯವನು ಏದುಸಿರು ಬಿಡುತ್ತಾ ಬಂದು ನಿಂತ. ನನ್ನ ವಯಸ್ಸಿನವನೇ, ದಪ್ಪ ಮೀಸೆ.

"ಏನಮ್ಮಾ ಮಾಡ್ತಾ ಇದೀರ? ಮುಟ್ಟಬಾರದು ಅಂತ ಬರೆದಿಲ್ವಾ?"

"ಬಿಗಿ ಇಳಿಸ್ತಾ ಇದೀನಿ, ಕಾಣಲ್ವೇನ್ರೀ?" ಅಂದೆ, ಎಂಟನೆಯದಕ್ಕೆ ಕೈ ಹಾಕುತ್ತಾ.

ಯಜಮಾನರು ಅಷ್ಟು ದೂರದಲ್ಲಿ ಕಿವಿಯದನ್ನು ಕಳಚಿ, "ಅಯ್ಯಯ್ಯೋ, ಮರ್ಯಾದಿ ಹೋತು!" ಎಂದು ತಲೆ ಮೇಲೆ ಕೈ ಹೊತ್ತರು. ಜನ ಸೇರಿದರು. ಕೆಲವರು ಇದೂ ಒಂದು ಕಾರ್ಯಕ್ರಮ ಎಂದುಕೊಂಡು ಫೋನ್ ಎತ್ತಿ ಹಿಡಿದಿದ್ದರು. ಅಣ್ಣ ಮಾತ್ರ ಸೆಕ್ಯುರಿಟಿಯವನ ಭುಜದ ಮೇಲೆ ಕೈಯಿಟ್ಟು, ಬಹಳ ಮರ್ಯಾದೆಯಿಂದ, "ಇನ್ನೈದು ಅದಾವೆ ಸ್ವಾಮಿ. ಮುಗಿಸ್ಲಿ ಬಿಡಿ. ಅರ್ಧಕ್ಕೆ ಬಿಡಬಾರ್ದು ಅದನ್ನ" ಅಂದ.

ಆ ಮನುಷ್ಯ ಯಾಕೆ ಬಿಟ್ಟನೋ ಗೊತ್ತಿಲ್ಲ. ಆ ಡೊಳ್ಳಿಗೂ ಹನ್ನೆರಡೇ ಉಂಗುರ, ಹನ್ನೆರಡೂ ಆದವು. ತೊಗಲು ಮೆಲ್ಲಗೆ ಸಡಿಲವಾಯಿತು. ಎದ್ದು ನಿಂತೆ. ಆಗ ನಾಚಿಕೆಯಾಯಿತು, ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಬೇಕು ಅನ್ನುವಷ್ಟು. ಐವತ್ತರ ಹತ್ತಿರದ ಹೆಂಗಸು, ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು, ಬರಿಗಾಲಲ್ಲಿ ಪರರ ಮ್ಯೂಸಿಯಂಗೆ ನುಗ್ಗಿ ಇದೇನು ಮಾಡಿದೆ?

ಆಫೀಸಿಗೆ ಕರೆದೊಯ್ದರು. ಅದೂ ಗುಂಡಗಿನ ಕೋಣೆ. ಅದೃಷ್ಟಕ್ಕೆ ನಮ್ಮ ಅಂಗಡಿಗೆ ಬಂದಿದ್ದ ಹೆಣ್ಣುಮಗಳೇ ಅಲ್ಲಿದ್ದಳು. ಅವಳು ಬೈಯಲಿಲ್ಲ. ನಿಯಮದ ಪ್ರಕಾರ ಒಂದು ಕ್ಷಮಾಪಣೆ ಪತ್ರ ಬರೆಸಿಕೊಂಡಳು. ನಾನು ಬರೆಯುತ್ತಿದ್ದಂತೆ ಅಣ್ಣ ಕೇಳಿದ, "ಅಲ್ಲಮ್ಮಾ, ನಮ್ಮ ಡೊಳ್ಳು ಕೊಟ್ರೆ ಅದನ್ನೂ ಹಿಂಗೇ ಬಿಗಿದು ಇಡ್ತೀರಾ?"

ಅವಳು, "ಸಡಿಲ ಇದ್ರೆ ನೋಡೋಕೆ ಹಳೇದು, ಹಾಳಾಗಿದ್ದು ಅನ್ಸುತ್ತೆ ಸಾರ್. ಬಾರಿಸೋ ಹೊತ್ತಲ್ಲಿ ಹೇಗಿರುತ್ತೋ ಹಾಗೆ ತೋರಿಸಬೇಕು ಅಂತ ಬಿಗಿದಿಡ್ತೀವಿ. ಅದು ತಪ್ಪಾ?" ಎಂದಳು.

"ತಪ್ಪು ಅಂತ ನಾನ್ಯಾವ ಬಾಯಲ್ಲಿ ಹೇಳ್ಲಿ" ಅಂದ ಅಣ್ಣ. "ನಮ್ಮನೇದೂ ಹನ್ನೊಂದು ವರ್ಷದಿಂದ ಹಂಗೇ ಐತೆ."

ನನ್ನ ಪೆನ್ನು ನಿಂತಿತು. "ಏನಂದೆ?"

"ಹಂಗೇ ಐತೆ ಅಂದೆ. ಅಪ್ಪ ಬಿಗಿದದ್ದು. ಯಾರೂ ಇಳಿಸಿಲ್ಲ."

ಫಾರಂ ಬ್ಯಾಗಿನಲ್ಲಿಯೇ ಉಳಿಯಿತು. ಪತ್ರಕ್ಕೆ ರುಜು ಹಾಕಿದೆನೋ ಇಲ್ಲವೋ, ಹೊರಗೆ ಬಂದೆ. ಹೂಕುಂಡದ ಪಕ್ಕದ ಕಟ್ಟೆಯ ಮೇಲೆ ಅಣ್ಣ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ನಾನು ಎದುರಿಗೆ ನಿಂತು ಒಂದೇ ಸಮನೆ ಕೂಗಾಡಿದೆ. ಅಜ್ಜನ ಕಾಲದ ಡೊಳ್ಳು, ತೊಗಲು ಏನಾಗಬೇಕು, ಮೂವತ್ತು ವರ್ಷದಿಂದ ಬಾರಿಸುವವನಿಗೆ ಇಷ್ಟೂ ಗೊತ್ತಿಲ್ಲವಾ, ನಿನ್ನ ಕೈಗೇನು ಲಕ್ವ ಹೊಡೆದಿತ್ತಾ ಎಂದೆಲ್ಲ. ಅವನು ಪೂರ್ತಿ ಕೇಳಿಸಿಕೊಂಡ.

"ಆವತ್ತು ಅಪ್ಪ ಬಂದ್ರು" ಅಂದ ಆಮೇಲೆ. "ಡೊಳ್ಳು ಕಂಬಳಿ ಮೇಲೆ ಇಟ್ರು. ಅವಳು ಬಂದ್ಲಾ ಅಂತ ಕೇಳಿದ್ರು. ಇಲ್ಲ, ನಾನೇ ಇಳಿಸ್ತೀನಿ ಅಂತ ನಾನು ಕೂತೆ. ಬ್ಯಾಡ, ಇರ್ಲಿ, ಬರ್ತಾಳೆ, ಬಂದು ಇಳಿಸ್ತಾಳೆ, ಅವಳು ಬಂದ್ಮೇಲೆ ಉಣ್ತೀನಿ ಅಂದ್ರು. ಅಂದು ಗೋಡೆಗೆ ಒರಗಿದ್ರು."

ಬಿಸಿಲು ಆ ಬಿಳಿ ಗೋಡೆಗೆ ಹೊಡೆದು ಕಣ್ಣು ಬಿಡಲು ಆಗುತ್ತಿರಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೆಂಗೆ ಹೇಳ್ಲಿ ಮಾರಾಯ್ತಿ? ಹೇಳಿದ್ರೆ ನೀ ತಡ್ಕೊಳ್ತಿದ್ಯಾ? ನೀ ಆ ಕೋಣೆಗೆ ಬಂದಾಗ ಹೇಳನ ಅಂತಿದ್ದೆ. ನೀ ಬರ್ಲೇ ಇಲ್ಲ. ವರ್ಷಕ್ಕೆ ನಾಕು ಸಲ ಬಂದ್ರೂ ಜಗುಲಿ ಮೇಲೆ ನಿಂತು ಹೊರಟುಬಿಡ್ತಿದ್ದೆ. ಈಗ ಕೊಟ್ಟುಬಿಡನ ಅಂತ ನೀನೇ ಅಂದಾಗ, ಇವಳಿಗೆ ಅದು ಕಣ್ಣಿಗೆ ಬೀಳೋದೇ ಬ್ಯಾಡಾಗೈತೆ, ಆಯ್ತು, ಹೋಗ್ಲಿ ಅಂತ ಬಂದೆ. ರುಜು ಹಾಕಕ್ಕೇ ಬಂದಿದ್ದೆ ನಾನು."

ನನಗೆ ಅಳು ಬರಲಿಲ್ಲ. ಅಳು ಬಂದಿದ್ದರೆ ಒಳ್ಳೆಯದಿತ್ತು. ಎದೆಯೊಳಗೆ ಯಾರೋ ಹಗ್ಗ ಎಳೆದು ಬಿಗಿದಂತಾಯಿತು. ಪ್ರವಾಸ ಇನ್ನೂ ಎರಡು ದಿನ ಬಾಕಿಯಿತ್ತು. ಯಜಮಾನರು ಸಮುದ್ರ ನೋಡಬೇಕು, ದೀಪಸ್ತಂಭ ಹತ್ತಬೇಕು ಎಂದು ಪಟ್ಟಿ ಮಾಡಿಕೊಂಡಿದ್ದರು. "ಹೊಸಬಾಳೆಗೆ ನಡೀರಿ" ಅಂದೆ.

"ಈಗ? ಅಂಗಡಿ ಬಾಗ್ಲಾದ್ರೂ ನೋಡ್ಕೊಂಡು…"

"ಅಂಗಡಿ ಎಲ್ಲಿಗೂ ಓಡಿಹೋಗಲ್ಲ. ನಡೀರಿ."

ನನ್ನ ಬಾಯಲ್ಲಿ ಆ ಮಾತು ಕೇಳಿ ಅವರು ಗಾಡಿಯ ಕೀಲಿ ತೆಗೆದರು. ದಾರಿಯಲ್ಲಿ ಒಂದು ಊರಿನಲ್ಲಿ ತಂಗಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಸಬಾಳೆ ಮುಟ್ಟಿದೆವು. ನಾನು ದಾರಿಯುದ್ದಕ್ಕೂ ಒಂದು ತುತ್ತೂ ಬಾಯಿಗೆ ಹಾಕಿರಲಿಲ್ಲ. ವ್ರತವೇನಲ್ಲ, ಇಳಿಯಲಿಲ್ಲ. ಅತ್ತಿಗೆ, ಇದೇನು ಹೇಳದೇ ಕೇಳದೇ ಎಂದು ಗಾಬರಿಯಾಗಿ, ಕೈಕಾಲು ತೊಳೀರಿ, ಊಟಕ್ಕೆ ಬಡಿಸ್ತೀನಿ ಅಂದಳು. ನಾನು ಕಾಲು ತೊಳೆದು ನೇರ ಆ ಕೋಣೆಗೆ ಹೋದೆ.

ಕಂಬಳಿ ತೆಗೆದೆ. ಹನ್ನೊಂದು ವರ್ಷದ ಧೂಳು ಇರಲಿಲ್ಲ, ಅತ್ತಿಗೆ ದಿನಾ ಒರೆಸಿದ್ದಳು. ಎಡಗಡೆಯ ತೊಗಲು ಅಂಚಿನಿಂದ ಗೇಣುದ್ದ ಹರಿದಿತ್ತು.

"ಐದಾರು ವರ್ಷ ಆತು" ಅಂದ ಅಣ್ಣ ಬಾಗಿಲಲ್ಲಿ ನಿಂತು. "ಒಂದಿನ ಊಟಕ್ಕೆ ಕೂತಿದ್ವಿ, ಒಳಗೆ ಠಪ್ ಅಂತು. ಯಾರೂ ಎದ್ದು ನೋಡ್ಲಿಲ್ಲ. ಎಲ್ರಿಗೂ ಗೊತ್ತಾತು."

ಬಲಗಡೆಯದು ಗಟ್ಟಿಯಾಗಿತ್ತು, ಇನ್ನೂ ಬಿಗಿಯಾಗಿಯೇ ಇತ್ತು. ಹಗ್ಗ ಒಣಗಿ ಮರದಂತಾಗಿತ್ತು. ನನ್ನ ಬೆರಳೂ ಈಗ ಸಣ್ಣವಲ್ಲ, ಗೊಬ್ಬರದ ಚೀಲ ಎತ್ತಿ ಗಂಟುಗಂಟಾಗಿವೆ. ಅಣ್ಣ ಒಂದು ಬಟ್ಟಲಲ್ಲಿ ಎಣ್ಣೆ ತಂದು ಪಕ್ಕದಲ್ಲಿಟ್ಟು ಹಿಂದೆ ಸರಿದ. ಒಂದೊಂದು ಉಂಗುರಕ್ಕೂ ಎಣ್ಣೆ ಸವರಿ, ಬೆರಳು ತೂರಿಸಿ, ಅಲ್ಲಾಡಿಸಿ ಅಲ್ಲಾಡಿಸಿ ಜರುಗಿಸಿದೆ. ಪ್ರತಿ ಉಂಗುರದ ಅಡಿಯಲ್ಲೂ ಅಪ್ಪನ ಕೈ ಎಳೆದು ನಿಲ್ಲಿಸಿದ ಗುರುತು ಹಗ್ಗದಲ್ಲಿ ಹಳ್ಳವಾಗಿ ಕೂತಿತ್ತು. ಅದನ್ನು ನಾನೇ ಅಳಿಸುತ್ತಿದ್ದೇನೆ ಎಂದು ಗೊತ್ತಾದಾಗ ಅಳು ಬಂತು. ಬಾಯಿ ಬಿಟ್ಟು ಅತ್ತೆ. ಬಂದೆ ಕಣಪ್ಪಾ, ತಡವಾಯ್ತು, ಸಿಟ್ಟು ಮಾಡಿಕೊಂಡು ಕೂತಿದ್ದೆ ಎಂದು ಡೊಳ್ಳಿಗೇ ಹೇಳಿದೆ. ಯಾರು ಕೇಳಿಸಿಕೊಂಡರೋ ಬಿಟ್ಟರೋ. ಕೊನೆಯ ಉಂಗುರ ಜರುಗಿದಾಗ ಬಲಗಡೆಯ ತೊಗಲು ಮೆಲ್ಲಗೆ ಉಸಿರು ಬಿಟ್ಟಿತು, ನನ್ನ ಬಾಲ್ಯದಲ್ಲಿ ಬಿಡುತ್ತಿದ್ದಂತೆಯೇ.

ಅಣ್ಣ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಹೊಸ ತೊಗಲು ಹಾಕಿಸ್ತೀನಿ" ಅಂದ. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಹಾಕಿಸಿದ್ಮೇಲೆ ನೀನೇ ಬಿಗಿ" ಅಂದ.

"ನಂಗೆ ಬಿಗಿಯಕ್ಕೆ ಬರಲ್ಲ. ಇಳಿಸೋದೊಂದೇ ಬರೋದು."

"ನಂಗೇನು ಹುಟ್ತಾನೇ ಬರ್ತಿತ್ತಾ?"

"ಅಪ್ಪ ಬ್ಯಾಡ ಅಂದಿದ್ರು."

ಅವನು ಡೊಳ್ಳಿನ ಮೇಲೆ ಕೈಯಾಡಿಸಿದ. "ಅಪ್ಪ ನೀನಿಲ್ದೆ ಉಣ್ಣಲ್ಲ ಅಂತಾನೂ ಅಂದಿದ್ರು. ಯಾವುದನ್ನ ಹಿಡ್ಕೊಳ್ತೀಯೋ ನೀನೇ ನೋಡು" ಅಂದು ಎದ್ದು ಹೋದ.

ಆ ದಿನ ನಾನು ತವರಿನಲ್ಲಿ ಎರಡು ಸಲ ಅನ್ನ ಬಡಿಸಿಕೊಂಡೆ.

ತಿಂಗಳಾದ ಮೇಲೆ ಮ್ಯೂಸಿಯಂನ ಹೆಣ್ಣುಮಗಳಿಗೆ ಫೋನ್ ಮಾಡಿ, ಡೊಳ್ಳು ಕೊಡುವುದಿಲ್ಲ, ಬೇಜಾರು ಮಾಡ್ಕೋಬೇಡಮ್ಮ ಅಂದೆ. ಅವಳು ನಕ್ಕಳು. ನಾನು ಇಳಿಸಿದ್ದನ್ನು ಅವರು ಮತ್ತೆ ಬಿಗಿಯಲಿಲ್ಲವಂತೆ. ಬಾರಿಸಿದ ಮೇಲೆ ಬಿಗಿ ಇಳಿಸಿ ಇಡುವುದು ಪದ್ಧತಿ ಎಂದು ಕೆಳಗೊಂದು ಚೀಟಿ ಅಂಟಿಸಿದ್ದಾರಂತೆ. ಸೆಕ್ಯುರಿಟಿಯವನು ಬಂದವರಿಗೆಲ್ಲ ನನ್ನ ಕಥೆ ಹೇಳುತ್ತಾನಂತೆ. ಹಾಳಾಗಲಿ, ಹೇಳಿಕೊಳ್ಳಲಿ.

ಹೊಸ ತೊಗಲು ಹಾಕಿಸಿದ ಡೊಳ್ಳು ಈಗ ನಮ್ಮ ಶಿಕಾರಿಪುರದ ಮನೆಯಲ್ಲಿದೆ. ಅಣ್ಣ ವಾರಕ್ಕೊಮ್ಮೆ ಸಂತೆಗೆ ಬಂದವನು ಒಂದು ಗಂಟೆ ಕೂತು ಕಲಿಸುತ್ತಾನೆ. ನನ್ನ ಕೈ ಇನ್ನೂ ಕೂರುವುದಿಲ್ಲ, ತಾಳ ತಪ್ಪಿ ಅವನು ಹಣೆ ಚಚ್ಚಿಕೊಳ್ಳುತ್ತಾನೆ, ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಮೊದಲ ದಿನ ನಾನೇ ಬಿಗಿದೆ, ಹೆಗಲಿಗೆ ಹಾಕಿಕೊಂಡೆ, ಹತ್ತು ಪೆಟ್ಟು ಹೊಡೆದೆ, ಹತ್ತೂ ತಪ್ಪು. ಯಜಮಾನರು ಅಡುಗೆಮನೆಯಿಂದ, "ಸಾಕು ಬಾರೇ, ಮುದ್ದಿ ಆರಾಕ್ಹತ್ತೈತಿ" ಎಂದು ಕೂಗಿದರು. "ಇರ್ರಿ, ಬಂದೆ" ಅಂದೆ. ಡೊಳ್ಳನ್ನು ಕಂಬಳಿಯ ಮೇಲಿಟ್ಟು, ಹನ್ನೆರಡು ಉಂಗುರವನ್ನೂ ಇಳಿಸಿ, ಆಮೇಲೆ ಊಟಕ್ಕೆ ಕೂತೆ.